ಮೂರು ಗಂಟೆಯ ಕುಜು ಚಹಾ

ಉದಾ ಊರಿನ ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ನೀರಿನಿಂದ. ಎರಡು ವರ್ಷದ ಹಿಂದೆ ಮಾವ ಎಯ್ಸಕುವಿಗೆ ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತು ಅರ್ಧ ಹೋಯಿತು, ಅದರ ಜೊತೆಗೆ ನೀರು ನುಂಗುವ ಶಕ್ತಿಯೂ ಹೋಯಿತು. ಮೆತ್ತಗೆ ಬೇಯಿಸಿದ ಅನ್ನ ನುಂಗುತ್ತಿದ್ದ, ಕುಂಬಳಕಾಯಿ ನುಂಗುತ್ತಿದ್ದ. ನೀರು, ಚಹಾ, ಸಾರು, ತೆಳ್ಳಗಿನದು ಏನೇ ಕೊಟ್ಟರೂ ಅದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ದಾರಿ ಹಿಡಿಯುತ್ತಿತ್ತು. ಹಾಗಾಗಿ ಕುಡಿಯುವುದನ್ನೆಲ್ಲ ಗಂಜಿಯ ಹದಕ್ಕೆ ಗಟ್ಟಿ ಮಾಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಒಂದು ಬಟ್ಟಲು ಮುಗಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು.

ಬೆಳಿಗ್ಗೆ, ರಾತ್ರಿ ಕುಡಿಸುವವಳು ಸೊಸೆ ಚಿಗುಸಾ. ಅವಳು ಆಸ್ಪತ್ರೆಯವರು ಹೇಳಿದ ಪುಡಿ ಬೆರೆಸುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆಯ ಚಹಾ ಅತ್ತೆ ಕಿನುಯೊಳ ಪಾಲು, ಏಕೆಂದರೆ ಆ ಹೊತ್ತಿಗೆ ಚಿಗುಸಾ ರೈಲು ನಿಲ್ದಾಣದ ಪಕ್ಕದ ಬೆಂಟೊ ಅಂಗಡಿಯಲ್ಲಿ ಊಟದ ಡಬ್ಬಿ ತುಂಬುತ್ತಿರುತ್ತಿದ್ದಳು. ಕಿನುಯೊ ಆ ಪುಡಿಯನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅವಳ ತವರಿನವರು ತಲೆತಲಾಂತರದಿಂದ ಕುಜು ಬಳ್ಳಿಯ ಬೇರು ಜಜ್ಜಿ, ಚಳಿಗಾಲದ ತಣ್ಣೀರಿನಲ್ಲಿ ತೊಳೆದೂ ತೊಳೆದೂ ಬಿಳಿ ಹಿಟ್ಟು ತೆಗೆದು ಮಾರಿದವರು. ಹುರಿದ ಎಲೆಯ ಚಹಾಕ್ಕೆ ಆ ಕುಜು ಹಿಟ್ಟು ಕದಡಿ, ಒಲೆಯ ಮೇಲಿಟ್ಟು ಕೈಯಾಡಿಸಿದರೆ ಗಾಜಿನಂತೆ ಹೊಳೆಯುವ ಗಟ್ಟಿ ಚಹಾ ಇಳಿಯುತ್ತಿತ್ತು.

"ಆ ಪುಡಿಗೆ ರುಚೀನೂ ಇಲ್ಲ, ವಾಸನೇನೂ ಇಲ್ಲ. ಗೋಡೆಗೆ ಕಾಗದ ಅಂಟಿಸೋಕೆ ಸರಿ," ಎನ್ನುವುದು ಅವಳ ದಿನದ ಮಾತು.

ಜುಲೈನಲ್ಲಿ ಮಾವನಿಗೆ ಎರಡನೆಯ ಸಲ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಅವನನ್ನು ಕರೆತಂದ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗ ತೊಮೊನೊರಿ ತಲೆಯೆತ್ತದೆ ಹೇಳಿದ:

"ಇನ್ನೊಂದು ಸಲ ಹೀಗಾದ್ರೆ ಬಾಯಿಂದ ಏನೂ ಕೊಡೋ ಹಾಗಿಲ್ಲವಂತೆ. ಹೊಟ್ಟೆಗೆ ನಳಿಕೆ ಹಾಕ್ತಾರಂತೆ."

ಕಿನುಯೊ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. "ಮರದ ಗಿರಣೀಲಿ ದುಡಿದು ದೊಡ್ಡ ಬಟ್ಟಲಲ್ಲಿ ಮೂರು ಸಲ ಅನ್ನ ಹಾಕಿಸಿಕೊಳ್ತಿದ್ದ ಮನುಷ್ಯನಿಗೆ ನಳಿಕೇನಾ? ಬೆಳಿಗ್ಗೆ ರಾತ್ರಿ ಆ ಅಂಟು ಕುಡಿಸಿದ್ರೆ ಇನ್ನೇನಾಗುತ್ತೆ ಮತ್ತೆ? ಗಂಟಲಲ್ಲೇ ಕಚ್ಕೊಂಡು ಕೂತಿರುತ್ತೆ."

"ಅತ್ತೆ, ಎರಡು ಸಲಾನೂ ಕೆಮ್ಮು ಶುರುವಾಗಿದ್ದು ಮಧ್ಯಾಹ್ನ," ಎಂದಳು ಚಿಗುಸಾ.

"ಅಂದ್ರೆ? ನಾನು ಕೆಮ್ಮಿಸಿದೆ ಅಂತೀಯಾ?"

"ನಾನು ಹಾಗೆಲ್ಲಿ ಹೇಳ್ದೆ?"

"ಹೇಳೋದೊಂದೇ ಬಾಕಿ ಇಟ್ಟಿದ್ದೀಯ."

"ಸಾಕಮ್ಮ," ಎಂದ ತೊಮೊನೊರಿ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೋಡು, ಅಪ್ಪಂಗೆ ಇನ್ನೊಂದು ಸಲ ಜ್ವರ ಬಂದ್ರೆ ನೀನು ಅಂಗಡಿ ಬಿಟ್ಬಿಡು. ಯಾರಾದ್ರೂ ಒಬ್ರು ಮೂರು ಹೊತ್ತೂ ನೋಡ್ಕೋಬೇಕಲ್ಲ."

"ಯಾರಾದ್ರೂ ಒಬ್ರು ಅಂದ್ರೆ ಯಾವಾಗ್ಲೂ ನಾನೇನಾ, ರೀ?"

ತೊಮೊನೊರಿ ಉಪ್ಪಿನಕಾಯಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

ಆ ಅಂಗಡಿ ಅಂಥ ದೊಡ್ಡ ಅಂಗಡಿಯೇನೂ ಅಲ್ಲ. ಆದರೆ ಅಲ್ಲಿಗೆ ಹೋದರೆ ಚಿಗುಸಾಗೆ ಉಸಿರು ಬಂದಂತಾಗುತ್ತಿತ್ತು. ಅಲ್ಲಿ ಅವಳು ಯಾರ ಸೊಸೆಯೂ ಅಲ್ಲ. ಅವಳು ಹುರಿದ ಮೀನಿಗಾಗಿಯೇ ಜನ ಸರದಿಯಲ್ಲಿ ನಿಲ್ಲುತ್ತಿದ್ದರು, ಯಜಮಾನಿ ಮುಂದಿನ ಋತುವಿನ ಡಬ್ಬಿಗೆ ಏನೇನು ಹಾಕೋಣ ಎಂದು ಅವಳನ್ನೇ ಕೇಳುತ್ತಿದ್ದಳು. ಮನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ. ಹಗಲು ಹೊತ್ತು ನೋಡಿಕೊಳ್ಳುವ ವೃದ್ಧರ ಕೇಂದ್ರದ ವ್ಯಾನು ಬಂದರೆ ಮಾವ ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಹೊರಗಿನ ಹೆಂಗಸನ್ನು ಸಹಾಯಕ್ಕೆ ಕರೆಸಿದರೆ ಕಿನುಯೊ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತು ಕಳಿಸಿಬಿಡುತ್ತಿದ್ದಳು.

ಬೇಸಿಗೆ ರಜೆ ಬಂತು. ಚಿಗುಸಾಳ ಮಗಳು, ನಾಲ್ಕನೆಯ ತರಗತಿಯ ನಜುನಾಗೆ ರಜೆಯಲ್ಲಿ ತನ್ನದೇ ಒಂದು ಪ್ರಯೋಗ ಮಾಡಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಅವಳು ಪಾತ್ರೆ ತೊಳೆಯುವ ಬೇಸಿನ್ನಿಗೆ ಆಲೂಗಡ್ಡೆಯ ಬಿಳಿ ಹಿಟ್ಟನ್ನೆಲ್ಲ ಸುರಿದು ನೀರು ಬೆರೆಸಿದಳು.

"ಅಯ್ಯಯ್ಯೋ, ಒಂದು ತಿಂಗಳ ಹಿಟ್ಟು!" ಎಂದು ಕಿನುಯೊ ಓಡಿ ಬಂದಳು.

"ಅಜ್ಜಿ, ಬೈಯೋಕೆ ಮುಂಚೆ ಒಂದು ಗುದ್ದು ಕೊಡಿ ಇದಕ್ಕೆ."

"ನಿನಗೆ ಕೊಡ್ತೀನಿ."

"ಮೊದಲು ಇದಕ್ಕೆ!"

ಕಿನುಯೊ ಗುದ್ದಿದಳು. ಹಾಲಿನಂತೆ ಕಾಣುತ್ತಿದ್ದದ್ದು ಮುಷ್ಟಿಗೆ ಹಲಗೆಯಂತೆ ಗಟ್ಟಿಯಾಗಿ ತಾಗಿತು. ಕೈ ಸುಮ್ಮನೆ ಇಟ್ಟರೆ ಬೆರಳು ಮೆಲ್ಲಗೆ ಮುಳುಗಿತು. ಮುದ್ದೆ ಕಟ್ಟಿ ಹಿಸುಕುತ್ತಿರುವವರೆಗೆ ಉಂಡೆ, ಹಿಸುಕುವುದು ನಿಲ್ಲಿಸಿದರೆ ಬೆರಳ ಸಂದಿಯಿಂದ ಸೋರಿ ಹೋಗುವುದು.

"ಇದೇನಿದು ಭೂತ!"

"ಭೂತ ಅಲ್ಲ ಅಜ್ಜಿ. ಒಳಗಿರೋ ಹಿಟ್ಟಿನ ಕಣಗಳು ಒಂದಕ್ಕೊಂದು ಇಕ್ಕಟ್ಟಲ್ಲಿ ನಿಂತಿರುತ್ತವಂತೆ. ನಿಧಾನವಾಗಿ ತಳ್ಳಿದ್ರೆ ಜಾಗ ಬಿಡ್ತವೆ. ಗುದ್ದಿದ್ರೆ ಬಿಡೋಕೆ ಪುರುಸೊತ್ತೇ ಇರಲ್ಲ, ಅಲ್ಲೇ ಸಿಕ್ಕಿಹಾಕ್ಕೊಂಡು ಗಟ್ಟಿ ಆಗ್ತವೆ."

"ನಿಮ್ಮಮ್ಮನ ಹಾಗೇ ಅನ್ನು. ಒಂದು ಮಾತು ಗಟ್ಟಿಯಾಗಿ ಅಂದ್ರೆ ಕಲ್ಲಾಗಿ ಕೂತ್ಬಿಡ್ತಾಳೆ."

ಪಕ್ಕದಲ್ಲೇ ಅಕ್ಕಿ ತೊಳೆಯುತ್ತಿದ್ದ ಚಿಗುಸಾ ನಕ್ಕುಬಿಟ್ಟಳು. ಅತ್ತೆಯೂ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಸಂಜೆ ತೊಮೊನೊರಿ ಬಂದವನೇ ಜೋರಾಗಿ ಗುದ್ದಿ ಗೆಣ್ಣು ನೋಯಿಸಿಕೊಂಡ. ಬೇಸಿನ್ನನ್ನು ತಾತನ ಕುರ್ಚಿಯ ಹತ್ತಿರ ತಂದಿಟ್ಟಾಗ ಎಯ್ಸಕು ಎಡಗೈಯ ಬೆರಳಿಂದ ಚುಚ್ಚಿ ನೋಡಿದ, ಮತ್ತೆ ಚುಚ್ಚಿದ, ಆಮೇಲೆ ಬಾಯಿ ಸೊಟ್ಟ ಮಾಡಿಕೊಂಡು ಹಹಹ ಎಂದ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಕಿನುಯೊ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಆಮೇಲೆ ನಜುನಾ ಅಡುಗೆಮನೆ ಬಿಟ್ಟು ಕದಲಲಿಲ್ಲ. ಟೊಮೇಟೊ ಸಾಸು ಅಲ್ಲಾಡಿಸಿದರೆ ಯಾಕೆ ಸಡಿಲವಾಗುತ್ತದೆ, ಜೇನುತುಪ್ಪ ಎಷ್ಟು ಕಲಕಿದರೂ ಯಾಕೆ ಹಾಗೇ ಇರುತ್ತದೆ ಎಂದು ಬಟ್ಟಲುಗಳನ್ನು ಸಾಲಾಗಿ ಜೋಡಿಸಿದಳು. ಪ್ರತಿಯೊಂದರಲ್ಲೂ ಒಂದು ಸೋಯಾ ಕಾಳು ಹಾಕಿ ಅದು ಮುಳುಗುವುದನ್ನು ಕಾಯುತ್ತಿದ್ದಳು. "ಕಾಲಿಡೋಕೆ ಜಾಗ ಇಲ್ಲ" ಎಂದು ಚಿಗುಸಾ ಗೊಣಗುವಳು, "ಮಗು ಕಲೀಲಿ ಬಿಡು" ಎಂದು ಕಿನುಯೊ ಮೊಮ್ಮಗಳ ಪರ ವಹಿಸುವಳು. ಕೊನೆಗೆ ತಾತನ ಚಹಾದ ಸರದಿ ಬಂತು. ಅಮ್ಮನ ಪುಡಿಯದು ಒಂದು ಬಟ್ಟಲು, ಅಜ್ಜಿಯ ಕುಜುವಿನದು ಒಂದು ಬಟ್ಟಲು.

ಅದೊಂದು ಭಾನುವಾರ. ಅಂಗಡಿಗೆ ರಜೆ. ಅತ್ತೆ ತೋಟದಲ್ಲಿ ಬದನೆ ಬಿಡಿಸುತ್ತಿದ್ದಳು.

"ಅಮ್ಮಾ! ಕುಜು ಬಟ್ಟಲಿಗೆ ನೀನೇನಾದ್ರೂ ನೀರು ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ?"

"ನೋಡಿಲ್ಲಿ. ಆಗ ಗಟ್ಟಿಯಾಗಿತ್ತು. ಈಗ ಕಾಳು ಹಾಕಿದ್ರೆ ಟಣ್ ಅಂತ ತಳಕ್ಕೆ ಹೋಗುತ್ತೆ."

ಚಿಗುಸಾ ಬಟ್ಟಲು ಓರೆ ಮಾಡಿದಳು. ಬರೀ ಚಹಾ. ಪಕ್ಕದ ಪುಡಿಯ ಬಟ್ಟಲು ಹಾಗೇ ಗಟ್ಟಿಯಾಗಿತ್ತು. "ಇದಕ್ಕೆ ನೀನು ಏನು ಮಾಡ್ದೆ?"

"ಏನೂ ಇಲ್ಲ. ಕಲಕ್ದೆ, ಸ್ವಲ್ಪ ತಿಂದೆ. ಮತ್ತೆ ಕಲಕ್ದೆ, ಮತ್ತೆ ಸ್ವಲ್ಪ ತಿಂದೆ. ಅಜ್ಜಿ ಸಕ್ಕರೆ ಹಾಕಿದ್ರು, ಚೆನ್ನಾಗಿತ್ತು."

"ಅದೇ ಚಮಚದಲ್ಲಾ?"

"ಹೂಂ. ಪುಡೀದು ತಿನ್ನಲಿಲ್ಲ. ಥೂ, ಸಪ್ಪೆ."

ಚಿಗುಸಾ ಇನ್ನೊಂದು ಬಟ್ಟಲು ಕುಜು ಕಾಯಿಸಿದಳು. ಎರಡು ಪಾಲು ಮಾಡಿ, ಒಂದರಲ್ಲಿ ನೆಕ್ಕಿದ ಚಮಚ ಅದ್ದಿ ಕಲಕಿದಳು, ಇನ್ನೊಂದನ್ನು ತೊಳೆದ ಚಮಚದಿಂದ. ಬಟ್ಟೆ ಮಡಚಿಟ್ಟು ಬರುವಷ್ಟರಲ್ಲಿ ನೆಕ್ಕಿದ ಚಮಚದ ಬಟ್ಟಲು ನೀರಾಗಿತ್ತು. ಅನ್ನ ಅಗಿಯುತ್ತಾ ಹೋದರೆ ಸಿಹಿಯಾಗುವುದು ಯಾಕೆ ಎಂದು ಶಾಲೆಯಲ್ಲಿ ಕಲಿತದ್ದು ಆಗ ಅವಳಿಗೆ ನೆನಪಾಯಿತು. ಎಂಜಲು ಹಿಟ್ಟನ್ನು ಕರಗಿಸುತ್ತದೆ. ಕುಜುವೂ ಹಿಟ್ಟೇ. ಆಸ್ಪತ್ರೆಯ ಪುಡಿ ಹಿಟ್ಟಲ್ಲ.

ಅತ್ತೆ ಮೂರು ಗಂಟೆಯ ಚಹಾ ಕುಡಿಸುವುದನ್ನು ಅವಳು ಎಷ್ಟು ಸಲ ನೋಡಿಲ್ಲ! ಮೊದಲ ಚಮಚ ತನ್ನ ತುಟಿಗೆ, ಬಿಸಿ ನೋಡಲು. ಆಮೇಲೆ ಗಂಡನ ಬಾಯಿಗೆ. ಚಮಚ ಮತ್ತೆ ಬಟ್ಟಲಿಗೆ, ಮತ್ತೆ ತನ್ನ ತುಟಿಗೆ. ಅರ್ಧ ಗಂಟೆಯ ಹೊತ್ತು ಹೀಗೇ. ಬಟ್ಟಲಿನ ಕೊನೆಗೆ ಬರುವಷ್ಟರಲ್ಲಿ ಮಾವನ ಗಂಟಲಿಗೆ ಇಳಿಯುತ್ತಿದ್ದದ್ದು ನೀರು.

ಅವಳಿಗೆ ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಪ್ಪು ತನ್ನದಲ್ಲ. ಅಂಗಡಿ ಬಿಡಬೇಕಾಗಿಲ್ಲ. ಆದರೆ ಬದನೆಯ ಬುಟ್ಟಿ ಹೊತ್ತು ಅತ್ತೆ ಒಳಗೆ ಬಂದು, "ಇದನ್ನ ಸುಟ್ಟು ಅರೆದು ಅವರಿಗೆ ಕೊಡೋಣ, ಇಷ್ಟ ಅವರಿಗೆ" ಎಂದಾಗ ಚಿಗುಸಾ ಬಟ್ಟಲುಗಳನ್ನು ಅವಸರದಲ್ಲಿ ತೊಳೆಯತೊಡಗಿದಳು. ಹೇಗೆ ಹೇಳುವುದು? ನಿಮ್ಮ ಗಂಡನನ್ನು ಎರಡು ಸಲ ಸಾವಿನ ಬಾಗಿಲಿಗೆ ಕಳಿಸಿದ್ದು ನಿಮ್ಮ ಪ್ರೀತಿಯ ಚಮಚ ಎಂದೇ?

ಇನ್ನೊಂದು ಕಷ್ಟವೂ ಇತ್ತು. ನಜುನಾ ಕೂಸಾಗಿದ್ದಾಗ ಅಜ್ಜಿ ಹೀಗೇ ತನ್ನ ಚಮಚದಲ್ಲಿ ಗಂಜಿ ತಿನ್ನಿಸಹೊರಟಿದ್ದಳು. ದೊಡ್ಡವರ ಎಂಜಲಿನಿಂದ ಮಗುವಿನ ಹಲ್ಲಿಗೆ ಹುಳುಕು ಬರುತ್ತದೆ ಎಂದು ಚಿಗುಸಾ ಚಮಚ ಕಸಿದುಕೊಂಡಿದ್ದಳು. ಆಗಿನ ಹೊಸ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರು. ಕಿನುಯೊ ಅದನ್ನು ಇವತ್ತಿಗೂ ಮರೆತಿರಲಿಲ್ಲ.

ಮರುದಿನ ಚಿಗುಸಾ ಹೊಟ್ಟೆನೋವೆಂದು ಅಂಗಡಿಯಲ್ಲಿ ಹೇಳಿ ಬೇಗ ಬಂದಳು. ಚಹಾದ ತಟ್ಟೆಯಲ್ಲಿ ಎರಡು ಚಮಚ ಇಟ್ಟಳು.

"ಇದ್ಯಾಕೆ ಎರಡು?" ಕಿನುಯೊ ಕೇಳಿದಳು.

"ಬಿಸಿ ನೋಡೋಕೆ ಒಂದಿರ್ಲಿ ಅಂತ, ಅತ್ತೆ."

ಕಿನುಯೊಳ ಮುಖ ಬಿಗಿಯಿತು. "ಓಹೋ. ನಿನ್ನ ಮಗಳಿಗಾಯ್ತು, ಈಗ ನನ್ನ ಗಂಡನಿಗೂ ನನ್ನ ಎಂಜಲು ಆಗಬಾರದಾ? ನಿನ್ನ ಗಂಡ ಬೆಳೆದಿದ್ದು ಇದೇ ಎಂಜಲಲ್ಲಿ. ಅವನ ಹಲ್ಲೇನು ಉದುರಿ ಹೋಗಿದೆಯಾ?"

"ಅದಲ್ಲ ಅತ್ತೆ, ಒಂದು ನಿಮಿಷ ಕೇಳಿ..."

"ಕೇಳಿದ್ದೀನಿ, ಹತ್ತು ವರ್ಷದಿಂದ ಕೇಳ್ತಾನೇ ಇದ್ದೀನಿ." ಒಂದು ಚಮಚ ಡ್ರಾಯರಿಗೆ ಹೋಗಿ ಬಿತ್ತು.

"ಹಾಗಾದ್ರೆ ಇವತ್ತು ನಾನೇ ಕುಡಿಸ್ತೀನಿ, ಕೊಡಿ," ಎಂದು ಚಿಗುಸಾ ಬಟ್ಟಲನ್ನೇ ಕಿತ್ತುಕೊಂಡಳು. ಅತ್ತೆ ಎದ್ದು ಹೋದಳು. ಓಬೋನ್ ಹಬ್ಬಕ್ಕೆ ಅಂಗಡಿ ಮುಚ್ಚುವವರೆಗೆ ಚಿಗುಸಾ ದಿನಾ ಏನಾದರೊಂದು ನೆಪ ಹೇಳಿ ಮೂರು ಗಂಟೆಗೆ ಮನೆ ಸೇರಿದಳು. ಯಜಮಾನಿ, "ಏನಮ್ಮ, ಈ ಹೊಟ್ಟೆನೋವಿಗೆ ಮದ್ದಿಲ್ವಾ?" ಎಂದು ಮುಖ ನೋಡಿದಳು. ಮನೆಯಲ್ಲಿ ಅತ್ತೆ ಮುಖ ತಿರುಗಿಸಿದ್ದಳು. ಗಂಡನಿಗೆ ಹೇಳಿದರೆ ಅವನು ಅಮ್ಮನ ಮುಂದೆ ಒದರಿಬಿಡುವನೆಂದು ಅವನಿಗೂ ಹೇಳಲಾರಳು. ಬೇಯುತ್ತಿರುವ ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಂತೆ ಆ ದಿನಗಳು ಕಳೆದವು.

ಓಬೋನ್‌ಗೆ, ತೀರಿಕೊಂಡ ಹಿರಿಯರು ಮನೆಗೆ ಬರುವ ದಿನಗಳಲ್ಲಿ, ತೊಮೊನೊರಿಯ ಅಕ್ಕ ಶಿನೊಬು ಒಸಾಕಾದಿಂದ ಬಂದಳು. ಹಿರಿಯರ ಪೀಠಕ್ಕೆ ಹಣ್ಣಿಟ್ಟು ಕೈಮುಗಿದಾದ ಮೇಲೆ ತಣ್ಣನೆಯ ಸೋಮೆನ್ ಶಾವಿಗೆಯ ಊಟಕ್ಕೆ ಎಲ್ಲರೂ ಕೂತರು.

"ಅಮ್ಮ ಫೋನಲ್ಲಿ ಅತ್ಲು," ಎಂದಳು ಶಿನೊಬು, ಶಾವಿಗೆ ಸೊರ್ರೆಂದು ಎಳೆಯುತ್ತಾ. "ಅಪ್ಪನ ಬಟ್ಟಲು ಕಿತ್ಕೊಂಡ್ಯಂತೆ? ನೋಡ್ಕೊಳ್ಳೋದಾದ್ರೆ ಪೂರ್ತಿ ನೋಡ್ಕೋ ಚಿಗುಸಾ. ಡಬ್ಬಿ ತುಂಬೋ ಕೆಲಸ ಯಾರು ಬೇಕಾದ್ರೂ ಮಾಡ್ತಾರೆ."

"ಡಬ್ಬಿ ತುಂಬೋದು ಯಾರು ಬೇಕಾದ್ರೂ ಮಾಡ್ತಾರೆ, ನಿಮ್ಮಪ್ಪನ್ನ ನೋಡ್ಕೊಳ್ಳೋದು ಮಾತ್ರ ನಾನೇ ಮಾಡ್ಬೇಕಾ ಅತ್ತಿಗೆ? ನೀವು ಒಂದು ವಾರ ಇದ್ದು ನೋಡ್ಕೊಳ್ಳಿ."

"ನನಗೆ ಮನೆ ಇಲ್ವಾ, ಗಂಡ ಇಲ್ವಾ?"

"ಜಗಳ ಬೇಡ, ಹಬ್ಬ," ಎಂದ ತೊಮೊನೊರಿ.

"ಕಾರಣ ನಾನು ಹೇಳ್ತೀನಿ," ಎಂದಳು ಕಿನುಯೊ. "ಇವಳ ಆ ಅಂಟು ಪುಡಿ. ಅದೇ ಇವರನ್ನ ತಿಂದು ಹಾಕ್ತಿರೋದು."

"ಅಲ್ಲ ಅಜ್ಜಿ!" ಎಂದಳು ನಜುನಾ, ಬಾಯಲ್ಲಿ ಶಾವಿಗೆ ಇರುವಾಗಲೇ. "ಅಮ್ಮನ ಪುಡಿ ಗಟ್ಟಿಯಾಗೇ ಇರುತ್ತೆ. ನೀರಾಗೋದು ನಿಮ್ಮ ಕುಜು. ನಾನು ಪ್ರಯೋಗ ಮಾಡಿದ್ದೀನಿ."

"ನಜುನಾ, ಸುಮ್ನೆ ಊಟ ಮಾಡು," ಎಂದು ಚಿಗುಸಾ ಗದರಿದಳು.

"ಯಾಕೆ ಸುಮ್ನಿರ್ಬೇಕು?" ಕಿನುಯೊ ಎದ್ದಳು. "ನನ್ನ ತವರಿನ ಕುಜು ನೀರಾಗುತ್ತಂತೆ! ಮಾಡು ಮಗು, ನಿನ್ನ ಪ್ರಯೋಗ. ಎಲ್ಲರೂ ನೋಡ್ಲಿ."

ಅವಳೇ ಕುಜು ಕಾಯಿಸಿ ತಂದಳು. ಎಂದಿಗಿಂತ ಗಟ್ಟಿಯಾಗಿ, ಹೊಳೆಯುವಂತೆ. ಎರಡು ಬಟ್ಟಲಿಗೆ ಹಾಕಿದಳು. "ಈಗ?"

"ಒಂದನ್ನ ಸುಮ್ನೆ ಬಿಡ್ಬೇಕು. ಇನ್ನೊಂದಕ್ಕೆ ನೆಕ್ಕಿದ ಚಮಚ ಹಾಕಿ ಕಲಕ್ಬೇಕು. ನಾನು ನೆಕ್ಲಾ?"

"ನೀನ್ಯಾಕೆ? ನನ್ನ ಎಂಜಲಿನ ಮೇಲಲ್ವಾ ಎಲ್ಲರ ಕಣ್ಣು?" ಕಿನುಯೊ ಚಮಚ ಬಾಯಿಗಿಟ್ಟು ತೆಗೆದು ಕಲಕಿದಳು. ಮತ್ತೆ ಬಾಯಿಗೆ, ಮತ್ತೆ ಬಟ್ಟಲಿಗೆ. ಗಂಡನಿಗೆ ಕುಡಿಸುವಾಗ ಮಾಡುತ್ತಿದ್ದದ್ದೂ ಅದೇ ಎಂದು ಅವಳಿಗೆ ಹೊಳೆದಂತೆ ಕಾಣಲಿಲ್ಲ.

ಎಲ್ಲರೂ ಕಾದರು. ಶಾವಿಗೆ ತಣ್ಣಗಿಡಲು ಹಾಕಿದ್ದ ಮಂಜುಗಡ್ಡೆ ಕರಗಿತು. ಕುರ್ಚಿಯಲ್ಲಿದ್ದ ಎಯ್ಸಕು ಮತ್ತೆ ಬೇಸಿನ್ನಿನ ಆಟವೆಂದುಕೊಂಡು ಕುತ್ತಿಗೆ ಚಾಚಿದ್ದ.

ನಜುನಾ ಮೊದಲ ಬಟ್ಟಲು ತಟ್ಟೆಯ ಮೇಲೆ ಬೋರಲು ಹಾಕಿದಳು. ಕುಜು ಮುದ್ದೆಯಾಗಿ ಬಿದ್ದು ಅಲ್ಲೇ ಕೂತಿತು. ಎರಡನೆಯದನ್ನು ಹಾಕಿದಳು. ಅದು ತಟ್ಟೆ ತುಂಬಿ, ಮೇಜಿನ ಮೇಲೆ ಹರಿದು, ತೊಮೊನೊರಿಯ ಮೊಣಕಾಲಿಗೆ ತೊಟ್ಟಿಕ್ಕಿತು.

"ನೋಡಿದ್ರಾ?" ಎಂದಳು ಹುಡುಗಿ ಹೆಮ್ಮೆಯಿಂದ. ಆಮೇಲೆ ಅಮ್ಮನ ಮುಖ ನೋಡಿದಳು.

ಕಿನುಯೊ ಚಮಚವನ್ನು ನೋಡುತ್ತಾ ನಿಂತಿದ್ದಳು. "ಹಾಗಾದ್ರೆ ಆ ಎರಡು ಸಲಾನೂ..." ಎಂದಳು.

"ಯಾರಿಗೂ ಗೊತ್ತಿರ್ಲಿಲ್ಲ ಅತ್ತೆ," ಎಂದಳು ಚಿಗುಸಾ.

"ನಿನಗೆ ಗೊತ್ತಿತ್ತು. ಎರಡು ಚಮಚ ಇಟ್ಟಿದ್ದೆ."

ಶಿನೊಬು ಸಂಜೆಯ ಗಾಡಿಗೇ ಒಸಾಕಾಗೆ ಹೊರಟಳು. ಹೋಗುವಾಗ ಚಿಗುಸಾಳ ಮುಖ ನೋಡಲಿಲ್ಲ, ಆದರೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಾನು ದುಡುಕಿದೆ," ಎಂದು ಬಾಗಿಲಿಗೆ ಹೇಳಿದಳು.

ಹಬ್ಬ ಮುಗಿದು ಅಂಗಡಿ ತೆರೆಯಿತು. ಹೊರಡುವ ಮುಂಚೆ ಚಿಗುಸಾ ಅತ್ತೆಯ ಮುಂದೆ ಪುಡಿಯ ಡಬ್ಬಿ ಇಟ್ಟಳು. "ಇದನ್ನ ಹಾಕಿ ಅತ್ತೆ. ಎಂಜಲು ತಾಗಿದ್ರೂ ಏನೂ ಆಗಲ್ಲ. ಯಾವಾಗಿನ ಹಾಗೇ ಬಿಸಿ ನೋಡಿ ಕೊಡಿ."

"ಹೂಂ," ಎಂದಳು ಕಿನುಯೊ. ಅವಳು ಒಪ್ಪಿಕೊಂಡದ್ದೇ ಚಿಗುಸಾಗೆ ಭಯ ತಂದಿತು.

ಸಂಜೆ ಬಂದು ನೋಡಿದರೆ ಬಟ್ಟಲು ತುಂಬಿದ ಹಾಗೇ ಮೇಜಿನ ಮೇಲಿತ್ತು. ಕಿನುಯೊ ಅದನ್ನು ಓರೆ ಮಾಡಿ ನೋಡುತ್ತಿದ್ದಳು. ಮಾವ ಒಣಗಿದ ತುಟಿ ನೆಕ್ಕಿಕೊಳ್ಳುತ್ತಾ ಕೂತಿದ್ದ.

"ಕುಡಿಸ್ಲೇ ಇಲ್ವಾ ಅತ್ತೆ? ಈ ಸೆಕೇಲಿ?"

"ನೀರಾಗಿದ್ರೆ? ಗಟ್ಟಿ ಇದೆ ಅನ್ಸುತ್ತೆ, ಚಮಚ ಅವರ ಬಾಯಿ ಹತ್ರ ತಂದ ಕೂಡ್ಲೆ ಕೈ ನಡುಗುತ್ತೆ. ಇನ್ನೊಂದು ಸಲ ನೋಡಿ ಕೊಡೋಣ ಅಂತ..."

ಮರುದಿನವೂ ಅದೇ ಆಯಿತು. ಅದರ ಮರುದಿನ ಅಜ್ಜಿಯ ಬದಲು ನಜುನಾ ಕುಡಿಸಹೋದಳು. ತಾತ ಬಾಯಿ ತೆರೆಯಲಿಲ್ಲ. ಹುಡುಗಿ ಅಂಗಡಿಗೆ ಫೋನ್ ಮಾಡಿ, "ಅಮ್ಮಾ, ತಾತ ಹಟ ಮಾಡ್ತಿದ್ದಾರೆ, ಅಜ್ಜಿ ಅಳ್ತಿದ್ದಾರೆ, ನಾನೇನು ಮಾಡ್ಲಿ?" ಎಂದಾಗ ಚಿಗುಸಾಳ ಕೈಯೆಲ್ಲ ಎಣ್ಣೆ, ಎದುರಿಗೆ ಗಿರಾಕಿಗಳ ಸಾಲು.

"ಅಮ್ಮಾ, ಅಜ್ಜಿ ಬಟ್ಟಲಿನ ವಿಷಯ ಶಾಲೇಲಿ ಹೇಳ್ಲಾ?" ಎಂದು ಆ ಸಂಜೆ ನಜುನಾ ಪಿಸುಗುಟ್ಟಿದಳು.

"ಬೇಡಮ್ಮ. ಬೇಸಿನ್ನಿಂದು ಹೇಳು. ಸಾಸಿಂದು ಹೇಳು."

"ನಾನು ತಪ್ಪು ಮಾಡಿದ್ನಾ?"

"ಇಲ್ಲ ಕಣೇ. ನೀನು ತಾತನ್ನ ಉಳಿಸ್ದೆ." ಅದು ನಿಜವೂ ಆಗಿತ್ತು. ಹುಡುಗಿಯ ತಲೆ ಸವರುವಾಗ ಚಿಗುಸಾಗೆ ಅಳು ಬಂತು, ಯಾಕೆಂದು ಅವಳು ಮಗಳಿಗೆ ಹೇಳಲಿಲ್ಲ.

ಊಟದ ಹೊತ್ತಿಗೆ ತೊಮೊನೊರಿ ಸಮಾಧಾನದ ದನಿಯಲ್ಲಿ, "ಏನೇ ಆಗ್ಲಿ, ನಿನ್ನ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ," ಎಂದ.

"ಗೊತ್ತಾಯ್ತು ರೀ. ಅದಕ್ಕೇ ಅಂಗಡಿಗೆ ಬರಲ್ಲ ಅಂತ ಹೇಳಿ ಬಂದೆ. ಇನ್ಯಾರನ್ನ ನಂಬಿ ಹೋಗ್ಲಿ?"

ಕಿನುಯೊ ತನ್ನ ಅನ್ನದ ಬಟ್ಟಲನ್ನು ಮುಟ್ಟದೆ ಎದ್ದಳು.

ಮರುದಿನ ಮೂರು ಗಂಟೆಗೆ ಚಿಗುಸಾ ಪುಡಿ ಬೆರೆಸಿದ ಚಹಾ ತೆಗೆದುಕೊಂಡು ಮಾವನ ಮುಂದೆ ಕೂತಳು. ಬೆಳಿಗ್ಗೆ, ರಾತ್ರಿ ಅವಳ ಕೈಯಲ್ಲಿ ಕುಡಿಯುವ ಮನುಷ್ಯ ಮೂರು ಗಂಟೆಗೆ ತುಟಿ ಬಿಗಿಹಿಡಿದ. ಅವನ ಕಣ್ಣು ಅಡುಗೆಮನೆಯ ಬಾಗಿಲಲ್ಲೇ ಇತ್ತು.

"ಮಾವ, ಒಂದೇ ಚಮಚ."

"ಕಿನು," ಎಂದ ಎಯ್ಸಕು. "ಕಿನು."

ಕಿನುಯೊ ಬಾಗಿಲ ಹಿಂದೆಯೇ ನಿಂತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ಸೊಸೆಯ ಪಕ್ಕದಲ್ಲಿ ಕೂತಳು. "ಚಮಚ ನೀನೇ ಹಿಡಿ," ಎಂದಳು. "ನನ್ನ ಕೈಗೆ ಕೊಡ್ಬೇಡ." ಆಮೇಲೆ ಗಂಡನ ಮುಖ ನೋಡಿ, ಕೂಸಿಗೆ ತೋರಿಸುವಂತೆ, ತನ್ನ ಬಾಯಿಯನ್ನು ಅಗಲವಾಗಿ ತೆರೆದಳು. "ಆ... ಅನ್ನಿ."

ಎಯ್ಸಕು ಬಾಯಿ ತೆರೆದ. ಚಿಗುಸಾ ಚಮಚ ಒಳಗಿಟ್ಟಳು. ಇಬ್ಬರೂ ಅವನ ಗಂಟಲನ್ನೇ ನೋಡಿದರು. ಅದು ಮೇಲೆ ಹೋಗಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. ಕಿನುಯೊ ಮತ್ತೆ ಬಾಯಿ ತೆರೆದಳು, ಅವನೂ ತೆರೆದ, ಚಿಗುಸಾ ಚಮಚ ಇಟ್ಟಳು. ಬಟ್ಟಲು ಮುಗಿಯಲು ಅರ್ಧ ಗಂಟೆ ಹಿಡಿಯಿತು.

"ನಾಳೆನೂ ನಾನು ಪಕ್ಕದಲ್ಲಿ ಕೂತ್ಕೋಬೇಕಾ?" ಎಂದಳು ಕಿನುಯೊ.

"ಕೂತ್ಕೊಳ್ಳಿ ಅತ್ತೆ. ನೀವು ಬಾಯಿ ತೆರೀದೆ ಇದ್ರೆ ಅವ್ರು ತೆರೆಯಲ್ಲ."

"ನೀನಿರ್ತೀಯಲ್ಲ?"

"ಇರ್ತೀನಿ," ಎಂದಳು ಚಿಗುಸಾ, ಬಟ್ಟಲು ತೊಳೆಯಲು ಏಳುತ್ತಾ. "ಇನ್ಮೇಲೆ ನಾನು ಎಲ್ಲಿಗೆ ಹೋಗ್ತೀನಿ?"